ಕಾಳಗದ ರೋಬೋಟಿಗೆ ಎಂಥ ಕವಚ ಹಾಕಬೇಕು?

ಎಲ್ಲರಿಗೂ ನಮಸ್ಕಾರ.

ಮನೆಯಲ್ಲೇ ಕಾಳಗದ ರೋಬೋಟ್, ಅಂದರೆ ಸ್ಪರ್ಧೆಯಲ್ಲಿ ಇನ್ನೊಂದು ರೋಬೋಟಿನ ಜೊತೆ ಹೊಡೆದಾಡುವ ಯಂತ್ರ, ಕಟ್ಟಲು ಹೊರಟವರು ಮೊದಲು ಕೇಳುವುದು, ಎಲ್ಲಕ್ಕಿಂತ ಗಟ್ಟಿ ವಸ್ತು ಯಾವುದು ಅಂತ. ಅದರ ಬದಲು ಹೀಗೆ ಕೇಳಿಕೊಳ್ಳಿ: ನನ್ನ ಕೈಯಲ್ಲಿರುವ ಇಷ್ಟು ಗ್ರಾಂ ತೂಕದಲ್ಲಿ ಜಾಸ್ತಿ ಪೆಟ್ಟು ತಾಳುವುದು ಯಾವುದು?

ಬೀಟಲ್‌ವೇಟ್ ಎಂಬ ತೂಕದ ವರ್ಗವನ್ನೇ ನೋಡಿ. ಹಲವು ಕಡೆ ಇಡೀ ರೋಬೋಟ್ 3 ಪೌಂಡ್, ಅಂದರೆ ಸುಮಾರು 1.36 ಕಿಲೋ ಮೀರುವಂತಿಲ್ಲ. ಮೋಟಾರು, ಬ್ಯಾಟರಿ, ಆಯುಧ ಕಳೆದು ಉಳಿದದ್ದರಲ್ಲೇ ಕವಚ ಆಗಬೇಕು. 10 ಸೆಂ.ಮೀ. ಚೌಕದ, 1 ಮಿ.ಮೀ. ದಪ್ಪದ ಸ್ಟೀಲ್ ತಗಡು ಸುಮಾರು 78 ಗ್ರಾಂ ತೂಗುತ್ತದೆ. ಅಷ್ಟೇ ತೂಕಕ್ಕೆ ಅಲ್ಯೂಮಿನಿಯಂ ಹೆಚ್ಚುಕಡಿಮೆ 3 ಮಿ.ಮೀ. ದಪ್ಪ ಸಿಗುತ್ತದೆ. ಯುಎಚ್‌ಎಂಡಬ್ಲ್ಯೂ ಎಂಬ ಪಾಲಿಥೀನ್ ಪ್ಲಾಸ್ಟಿಕ್ ಆದರೆ 8 ಮಿ.ಮೀ. ದಾಟುತ್ತದೆ. ದಪ್ಪ ಎರಡರಷ್ಟಾದರೆ ಹಲಗೆಯ ಬಿಗಿ, ಅಂದರೆ ಬಾಗದೆ ನಿಲ್ಲುವ ಗುಣ, ಎಂಟರಷ್ಟಾಗುತ್ತದೆ; ಮೂರರಷ್ಟಾದರೆ ಇಪ್ಪತ್ತೇಳರಷ್ಟು. ಒಂದೇ ದಪ್ಪದಲ್ಲಿ ಅಲ್ಯೂಮಿನಿಯಂ ಬಿಗಿ ಸ್ಟೀಲಿನ ಸುಮಾರು ಮೂರನೇ ಒಂದು ಭಾಗ ಮಾತ್ರ. ಹಾಗಾಗಿ ಒಂದೇ ತೂಕದಲ್ಲಿ ಆ ಅಲ್ಯೂಮಿನಿಯಂ, ಸ್ಟೀಲಿಗಿಂತ ಸುಮಾರು ಎಂಟು ಪಟ್ಟು ಬಿಗಿ. ಮೆತ್ತಗಿನ ಪ್ಲಾಸ್ಟಿಕ್ಕೂ ಆ ತೆಳು ತಗಡಿನಷ್ಟು ಸುಲಭವಾಗಿ ಬಾಗುವುದಿಲ್ಲ. ಆಶ್ಚರ್ಯ ಅಲ್ವಾ?

ಪಕ್ಕದ ಗೋಡೆಗಳಿಗೆ ನನ್ನ ಆಯ್ಕೆ ಈ ಪ್ಲಾಸ್ಟಿಕ್ಕೇ. ಎದುರಾಳಿಯ ತಿರುಗುವ ಬ್ಲೇಡ್ ಬಡಿದರೆ ಕಚ್ಚು ಬೀಳುತ್ತದೆ, ಚೂರಾಗುವುದಿಲ್ಲ. ಸ್ವಲ್ಪ ಬಾಗಿ ಮತ್ತೆ ನೆಟ್ಟಗಾಗುವುದರಿಂದ ಒಳಗಿನ ಸರ್ಕ್ಯೂಟ್ ಬೋರ್ಡಿಗೆ ತಾಗುವ ಅದುರು ಕಡಿಮೆ. ಒಂದೇ ತೊಂದರೆ, ಇದಕ್ಕೆ ಅಂಟು ಹಿಡಿಯುವುದಿಲ್ಲ, ಸ್ಕ್ರೂ ಕಿತ್ತು ಬರುತ್ತದೆ. ಆರಪಾರ ಬೋಲ್ಟ್ ಹಾಕಿ, ಅಗಲದ ವಾಷರ್ ಕೊಟ್ಟು ನಟ್ ಬಿಗಿಯಿರಿ.

ಮುಂಭಾಗದಲ್ಲಿ ಮಾತ್ರ ಲೆಕ್ಕ ಉಲ್ಟಾ. ಮೆತ್ತಗಿನ ವಸ್ತುವಿನೊಳಗೆ ಬ್ಲೇಡಿನ ಹಲ್ಲು ಇಳಿಯುತ್ತದೆ. ಇಳಿದರೆ ಅದರ ಶಕ್ತಿಯೆಲ್ಲ ನಿಮ್ಮ ರೋಬೋಟನ್ನೇ ಎತ್ತಿ ಎಸೆಯುತ್ತದೆ. ಗಟ್ಟಿಯಾದ, ನುಣುಪಾದ, ಓರೆಯಾದ ಮುಖ ಇದ್ದರೆ ಹಲ್ಲಿಗೆ ಹಿಡಿತ ಸಿಗದೆ ಜಾರಿ ಹೋಗುತ್ತದೆ. ಹದ ಮಾಡಿದ ಸ್ಟೀಲ್ ಅಥವಾ ಗ್ರೇಡ್ 5 ಎಂಬ ಗಟ್ಟಿ ಮಿಶ್ರಲೋಹದ ಟೈಟಾನಿಯಂ ಬೇಕಾಗುವುದು ಇಲ್ಲೇ. ಟೈಟಾನಿಯಂ ತೂಕದಲ್ಲಿ ಸ್ಟೀಲಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಆದರೆ ಕೊರೆಯಲು ಕತ್ತರಿಸಲು ತುಂಬ ತಾಳ್ಮೆ ಬೇಕು.

ಅಕ್ರಿಲಿಕ್ ಬೇಡವೇ ಬೇಡ, ಒಂದೇ ಪೆಟ್ಟಿಗೆ ಚೂರು. ಪಾರದರ್ಶಕ ಮುಚ್ಚಳ ಬೇಕಿದ್ದರೆ ಪಾಲಿಕಾರ್ಬೊನೇಟ್ ಹಾಕಿ. ಅದು ಸೀಳುವುದು ಸಾಮಾನ್ಯವಾಗಿ ತೂತಿನ ಅಂಚಿನಿಂದ. ತೂತನ್ನು ಅಂಚಿನಿಂದ ದೂರ ಇಡಿ, ಕೊರೆದ ಮೇಲೆ ನುಣುಪು ಮಾಡಿ. ಬೋಲ್ಟ್ ಸಡಿಲವಾಗದಿರಲಿ ಅಂತ ಹಾಕುವ ಥ್ರೆಡ್‌ಲಾಕರ್ ದ್ರವ ಇದಕ್ಕೆ ತಾಗಲೇಬಾರದು. ತಾಗಿದರೆ ಸುಮ್ನೆ ಕೂತಲ್ಲೇ ಬಿರುಕು ಬಿಡುತ್ತದೆ.

ಕಾರ್ಬನ್ ಫೈಬರ್ ಹಗುರ, ಬಿಗಿ ಎರಡೂ ಹೌದು. ಆದರೆ ಅಂಚಿಗೆ ಪೆಟ್ಟು ಬಿದ್ದರೆ ಪದರ ಬಿಡುತ್ತದೆ. ರೇಡಿಯೋ ಸಿಗ್ನಲನ್ನೂ ತಡೆಯುತ್ತದೆ. ಲೋಹವೂ ಅಷ್ಟೆ. ಸುತ್ತ ಮುಚ್ಚಿದರೆ ರಿಮೋಟಿನ ಸಿಗ್ನಲ್ ಹಿಡಿಯುವ 2.4 ಗಿಗಾಹರ್ಟ್ಸ್ ರಿಸೀವರಿಗೆ ಏನೂ ಕೇಳಿಸುವುದಿಲ್ಲ. ಒಂದು ಕಡೆಯಾದರೂ ಪ್ಲಾಸ್ಟಿಕ್ ಇರಲಿ.

ಯಾವುದನ್ನು ಆರಿಸಿದರೂ ಒಂದು ತುಂಡನ್ನು, ರೋಬೋಟಿಗೆ ಹಾಕಲಿರುವ ಅದೇ ಬೋಲ್ಟಿನಲ್ಲಿ ಒಂದು ಹಲಗೆಗೆ ಬಿಗಿಯಿರಿ. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡು ಸುತ್ತಿಗೆಯಿಂದ ಬಡಿಯಿರಿ. ಎಷ್ಟೋ ಸಲ ಕವಚ ಚೆನ್ನಾಗೇ ಇರುತ್ತದೆ, ಬೋಲ್ಟ್ ಮುರಿದಿರುತ್ತದೆ. ಆಗ ಉಳಿದ ಗ್ರಾಂಗಳನ್ನು ದಪ್ಪದ ಬೋಲ್ಟಿಗೆ, ಅದರಡಿಯ ರಬ್ಬರ್ ವಾಷರಿಗೆ ಕೊಡಿ.