ಹಿಮಾಲಯನ್ ಬೈಕು: ಯಾವ ವರ್ಷದ್ದು ತಗೊಳ್ಳೋಣ?

ಕೇಳುಗರಿಗೆ ನಮಸ್ಕಾರ.

ಮಳೆ ಕಡಿಮೆಯಾಗುತ್ತಿದ್ದಂತೆ ಬೈಕಿನ ಹುಚ್ಚಿರುವವರ ನಡುವೆ ಒಂದು ಚರ್ಚೆ ಶುರುವಾಗುತ್ತದೆ. ದೂರದ ಊರುಗಳಿಗೆ ಹೋಗಿಬರಲು ಒಂದು ಗಾಡಿ ಬೇಕು. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಮೇಲೆ ಮನಸ್ಸಾಗಿದೆ. ಆದರೆ ಹಳೇ ಮಾಡೆಲ್ ಸೆಕೆಂಡ್ ಹ್ಯಾಂಡ್ ತಗೊಳ್ಳೋದಾ, ಸಾಲ ಮಾಡಿ ಹೊಸದೇ ತಗೊಳ್ಳೋದಾ?

ಇದನ್ನು ಯಾರೇ ಕೇಳಿದರೂ ನಾನು ಮೊದಲು ಕೇಳುವುದು, ಹಳೇದು ಅಂದರೆ ಎಷ್ಟು ಹಳೇದು ಅಂತ. ಯಾಕೆಂದರೆ ಹಿಮಾಲಯನ್ ಅನ್ನುವ ಒಂದೇ ಹೆಸರಿನಲ್ಲಿ 2016ರಿಂದ ಈಚೆಗೆ ನಾಲ್ಕೈದು ಬೇರೆ ಬೇರೆ ಗಾಡಿಗಳು ಬಂದುಹೋಗಿವೆ. ಹೊರಗಿನಿಂದ ನೋಡಿದರೆ ಎಲ್ಲವೂ ಅಣ್ಣತಮ್ಮಂದಿರು. ಅದೇ ಎತ್ತರದ ಟ್ಯಾಂಕು, ಅದೇ 21 ಇಂಚಿನ ಮುಂದಿನ ಚಕ್ರ, ಅದೇ ಕೊಕ್ಕಿನಂಥ ಮಡ್‌ಗಾರ್ಡು. ಒಳಗೆ ಮಾತ್ರ ತುಂಬಾ ವ್ಯತ್ಯಾಸ.

ಮೊದಲನೆಯದು ಬಂದದ್ದು 2016ರ ಮಾರ್ಚ್‌ನಲ್ಲಿ. 411 ಸಿಸಿ, ಒಂದೇ ಸಿಲಿಂಡರ್, ಐದು ಗೇರು, ಎಂಜಿನ್‌ಗೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಕೊಡಲು ಕಾರ್ಬ್ಯುರೇಟರ್. ಆಗ ಷೋರೂಮ್ ಬೆಲೆ 1.55 ಲಕ್ಷ ರೂಪಾಯಿ. ಮರುವರ್ಷ ಮಾರ್ಚ್ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು. ಏಪ್ರಿಲ್ 1ರಿಂದ ಬಿಎಸ್-3, ಅಂದರೆ ಹಳೇ ಹೊಗೆ ನಿಯಮದ ಗಾಡಿ ಮಾರುವ ಹಾಗಿಲ್ಲ ಅಂತ. ಬೈಕ್ ಷೋರೂಮುಗಳ ಮುಂದೆ ಜನ ಮುಗಿಬಿದ್ದ ಆ ಎರಡು ದಿನ ಕೆಲವರಿಗಾದರೂ ನೆನಪಿರಬಹುದು. ಆಮೇಲೆ ಬಂದ ಬಿಎಸ್-4 ಹಿಮಾಲಯನ್‌ನಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು.

ಇದರಿಂದ ನಮಗೇನು ಲಾಭ? ಲಡಾಖಿಗೆ ಹೋಗುವವರಿಗೆ ಲಾಭ ಇದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಕಾರ್ಬ್ಯುರೇಟರ್‌ಗೆ ಅದು ಗೊತ್ತಾಗುವುದಿಲ್ಲ, ಕೆಳಗೆ ಬಿಡುತ್ತಿದ್ದ ಲೆಕ್ಕದಲ್ಲೇ ಪೆಟ್ರೋಲ್ ಬಿಡುತ್ತದೆ. ಎಂಜಿನ್ ಹೊಗೆ ಉಗುಳುತ್ತಾ ಸೊರಗುತ್ತದೆ. ಇಂಜೆಕ್ಷನ್ ಇರುವ ಗಾಡಿಯಲ್ಲಿ ಸೆನ್ಸರುಗಳು ಗಾಳಿಯನ್ನು ಅಳೆದು ಪೆಟ್ರೋಲ್ ಕಡಿಮೆ ಮಾಡುತ್ತವೆ. ಆದರೆ ಕರ್ನಾಟಕದ ಒಳಗೇ ಸುತ್ತುವವರಿಗೆ ಇದು ದೊಡ್ಡ ವಿಷಯವೇ ಅಲ್ಲ. ನಮ್ಮಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿಯೇ ಎರಡು ಸಾವಿರ ಮೀಟರ್ ಮುಟ್ಟುವುದಿಲ್ಲ. ಅಷ್ಟು ಎತ್ತರವನ್ನು ಕಾರ್ಬ್ಯುರೇಟರ್ ಗಾಡಿ ಆರಾಮಾಗಿ ಹತ್ತುತ್ತದೆ.

ಹಾಗಂತ 2016ರ ಗಾಡಿ ಅಗ್ಗಕ್ಕೆ ಸಿಕ್ಕಿತು ಅಂತ ಹಾರಬೇಡಿ. ಮೊದಲ ಬ್ಯಾಚಿನ ಗಾಡಿಗಳ ಬಗ್ಗೆ ಆಗ ಕೊಂಡವರ ದೂರುಗಳು ಸಾಕಷ್ಟಿದ್ದವು. ಯಾವ ಹೊಸ ಮಾಡೆಲ್ಲಿಗೂ ಮೊದಲ ವರ್ಷ ಅಂಥದ್ದೇ. ಸ್ಪ್ಯಾನರ್ ಹಿಡಿದು ಭಾನುವಾರ ಕಳೆಯುವುದೇ ಖುಷಿ ಅನ್ನುವವರಿಗೆ ಅದು ಸರಿ. ಬೆಳಗ್ಗೆ ಸೆಲ್ಫ್ ಒತ್ತಿ ಹೊರಟುಬಿಡಬೇಕು ಅನ್ನುವವರಿಗಲ್ಲ.

ಇಂಜೆಕ್ಷನ್‌ಗಿಂತ ದೊಡ್ಡ ಗೆರೆ ಬಿದ್ದದ್ದು 2018ರಲ್ಲಿ. ಆ ವರ್ಷ ಹಿಮಾಲಯನ್‌ಗೆ ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ ಬಂತು, ಎರಡೂ ಚಕ್ರಕ್ಕೆ. 125 ಸಿಸಿಗಿಂತ ದೊಡ್ಡ ಬೈಕುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗುವುದಿತ್ತು, ಅದಕ್ಕೆ ಮುಂಚೆಯೇ ಬಂತು. ಅಂದರೆ 2017ರ ಗಾಡಿಯಲ್ಲಿ ಇಂಜೆಕ್ಷನ್ ಇದೆ, ಎಬಿಎಸ್ ಇಲ್ಲ. 2018ರಲ್ಲಿ ಎರಡು ಥರದ್ದೂ ಸಿಗುತ್ತದೆ. ಮಾರುವವರು ಸುಮ್ನೆ "2018 ಮಾಡೆಲ್ ಸಾರ್" ಅಂದುಬಿಡುತ್ತಾರೆ. ಬಗ್ಗಿ ಮುಂದಿನ ಚಕ್ರ ನೋಡಿ. ಬ್ರೇಕ್ ಡಿಸ್ಕಿನ ಪಕ್ಕದಲ್ಲಿ ಸಣ್ಣ ಸಣ್ಣ ಕಿಂಡಿಗಳಿರುವ ಒಂದು ಉಂಗುರ, ಅದರತ್ತ ಮುಖಮಾಡಿದ ಒಂದು ಸೆನ್ಸರ್ ಇದ್ದರೆ ಎಬಿಎಸ್ ಇದೆ ಅಂತ ಅರ್ಥ. ಕೀ ತಿರುಗಿಸಿದಾಗ ಮೀಟರಿನಲ್ಲಿ ಎಬಿಎಸ್ ದೀಪ ಹತ್ತಬೇಕು, ಗಾಡಿ ನಾಲ್ಕು ಮಾರು ಮುಂದೆ ಹೋದ ಮೇಲೆ ಆರಬೇಕು. ಹತ್ತದೇ ಇದ್ದರೂ ಅನುಮಾನ, ಆರದೇ ಇದ್ದರೂ ಅನುಮಾನ.

ಎಬಿಎಸ್ ಯಾಕೆ ಅಷ್ಟು ಮುಖ್ಯ ಅಂತ ಕೇಳಿದರೆ, ಜುಲೈ ತಿಂಗಳಲ್ಲಿ ಚಾರ್ಮಾಡಿ ಘಾಟಿ ಇಳಿದು ನೋಡಿ. ತಿರುವಿನ ಒಳಗಡೆ ಬಿಸಿಲೇ ಬೀಳದ ಜಾಗದಲ್ಲಿ ಪಾಚಿ, ಅದರ ಮೇಲೆ ಕೊಳೆತ ಎಲೆ, ಗುಡ್ಡದಿಂದ ಹರಿದುಬಂದ ಕೆಂಪು ಮಣ್ಣು. ಎದುರಿಗೆ ಇದ್ದಕ್ಕಿದ್ದಂತೆ ಬಸ್ಸು. ಕೈ ತಾನಾಗಿಯೇ ಮುಂದಿನ ಬ್ರೇಕ್ ಹಿಡಿದುಬಿಡುತ್ತದೆ, ಯೋಚನೆ ಮಾಡಲು ಪುರುಸೊತ್ತೇ ಇರುವುದಿಲ್ಲ. ಮುಂದಿನ ಚಕ್ರ ಆಗ ಲಾಕ್ ಆದರೆ ಬಿದ್ದೇ ಬೀಳುತ್ತೀರಿ. ಹಾಗಾಗಿ ಮಲೆನಾಡಿನ ಕಡೆ ಓಡಾಡುವವರು ಎಬಿಎಸ್ ಇಲ್ಲದ ಟೂರಿಂಗ್ ಬೈಕ್ ಕೊಳ್ಳಬೇಡಿ. ಹದಿನೈದು ಸಾವಿರ ಕಡಿಮೆಗೆ ಕೊಡುತ್ತೇನೆ ಅಂದರೂ ಬೇಡ.

ಇನ್ನು 2020. ಬಿಎಸ್-6 ಬಂತು. ಎಂಜಿನ್ ಶಕ್ತಿ ಹೆಚ್ಚುಕಡಿಮೆ ಮೊದಲಿನಷ್ಟೇ, 24 ಬಿಎಚ್‌ಪಿ ಸುತ್ತಮುತ್ತ. ತೂಕ ಮಾತ್ರ 199 ಕೆಜಿಗೆ ಏರಿತು. ಮೊದಲ ಗಾಡಿ ಅದಕ್ಕಿಂತ ಹಗುರ ಇತ್ತು. ಮನೆ ಗೇಟಿನ ಮುಂದೆ ಹಿಂದಕ್ಕೆ ತಳ್ಳುವಾಗ ಆ ವ್ಯತ್ಯಾಸ ತೊಡೆಗೆ ಗೊತ್ತಾಗುತ್ತದೆ. ಆದರೆ ಇದರಲ್ಲಿ ಒಂದು ಒಳ್ಳೆಯ ಬದಲಾವಣೆ ಇದೆ. ಹಿಂದಿನ ಚಕ್ರದ ಎಬಿಎಸ್ಸನ್ನು ಒಂದು ಗುಂಡಿ ಒತ್ತಿ ಆಫ್ ಮಾಡಬಹುದು. ಕಾಫಿ ತೋಟದ ಜಲ್ಲಿ ರಸ್ತೆಯಲ್ಲಿ ಇಳಿಯುವಾಗ ಎಬಿಎಸ್ ಆನ್ ಇದ್ದರೆ ಹಿಂದಿನ ಬ್ರೇಕ್ ಬಿಟ್ಟು ಬಿಟ್ಟು ಹಿಡಿಯುತ್ತದೆ, ಗಾಡಿ ನಿಲ್ಲದೆ ಜಾರುತ್ತಾ ಹೋಗುತ್ತದೆ. ಅಲ್ಲಿ ಆಫ್ ಇರುವುದೇ ವಾಸಿ. ಡಾಂಬರಿಗೆ ಬಂದ ಮೇಲೆ ಮತ್ತೆ ಆನ್.

2021ರಲ್ಲಿ ಟ್ರಿಪ್ಪರ್ ಅನ್ನುವ ದಾರಿ ತೋರಿಸುವ ಸಣ್ಣ ಗುಂಡನೆಯ ಪರದೆ ಸೇರಿತು. ಮರುವರ್ಷ ಚಿಪ್ ಕೊರತೆ ಬಂದಾಗ ಕಂಪನಿಯೇ ಅದನ್ನು ತೆಗೆದು, ಬೇಕಾದವರಿಗೆ ಮಾತ್ರ ಅಂತ ಮಾಡಿತು. ಇದಕ್ಕಾಗಿ ಜಾಸ್ತಿ ದುಡ್ಡು ಕೊಡುವ ಅಗತ್ಯವಿಲ್ಲ. ಜೇಬಿನಲ್ಲಿ ಫೋನ್ ಇದ್ದೇ ಇರುತ್ತದೆ ಅಲ್ವಾ? ಆದರೆ 2021ರ ಜನವರಿಯಿಂದ ಏಪ್ರಿಲ್ ಒಳಗೆ ತಯಾರಾದ ಗಾಡಿ ಆದರೆ ಒಂದು ವಿಷಯ ಕೇಳಲೇಬೇಕು. ಆ ವರ್ಷ ಮೇ ತಿಂಗಳಲ್ಲಿ ಇಗ್ನಿಷನ್ ಕಾಯಿಲ್ ದೋಷಕ್ಕಾಗಿ ಕಂಪನಿ ಹಲವು ಮಾಡೆಲ್‌ಗಳ ಎರಡು ಲಕ್ಷಕ್ಕೂ ಹೆಚ್ಚು ಬೈಕುಗಳನ್ನು ವಾಪಸ್ ಕರೆಸಿ ಪರೀಕ್ಷೆ ಮಾಡಿತ್ತು. ಹಿಮಾಲಯನ್ ಕೂಡ ಅದರಲ್ಲಿತ್ತು. ಸರ್ವೀಸ್ ದಾಖಲೆಯಲ್ಲಿ ಆ ಕೆಲಸ ಆಗಿದೆಯಾ ನೋಡಿ.

ಮುಂದಿನದು ಪೆಟ್ರೋಲ್ ವಿಷಯ. ಈಗ ಬಂಕುಗಳಲ್ಲಿ ಸಿಗುತ್ತಿರುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. 2023ರ ಏಪ್ರಿಲ್‌ನಿಂದ ಈಚೆಗೆ ತಯಾರಾದ ಗಾಡಿಗಳಲ್ಲಿ ಇದನ್ನು ತಾಳಿಕೊಳ್ಳುವ ಪೈಪು, ಸೀಲುಗಳಿವೆ. ಅದಕ್ಕಿಂತ ಹಳೇ ಗಾಡಿ ಓಡುವುದಿಲ್ಲ ಅಂತಲ್ಲ, ಓಡುತ್ತದೆ. ಆದರೆ ರಬ್ಬರ್ ಪೈಪುಗಳ ಮೇಲೆ ಕಣ್ಣಿಟ್ಟಿರಬೇಕು. ಎಥನಾಲ್ ನೀರು ಹೀರುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಓಡಿಸದೆ ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿ ಕೊಳ್ಳುವಾಗ ಇನ್ನಷ್ಟು ಹುಷಾರು. "ಓಡಿಸಿಯೇ ಇಲ್ಲ ಸಾರ್, ಬರೀ ನಾಲ್ಕು ಸಾವಿರ ಕಿಲೋಮೀಟರ್" ಅನ್ನುವುದು ಯಾವಾಗಲೂ ಹೆಚ್ಚುಗಾರಿಕೆ ಅಲ್ಲ.

2023ರ ನವೆಂಬರಿನಲ್ಲಿ ಬಂದ ಹಿಮಾಲಯನ್ 450 ಪೂರ್ತಿ ಬೇರೆ ಗಾಡಿ. 452 ಸಿಸಿ, ನೀರಿನಿಂದ ತಂಪಾಗುವ ಎಂಜಿನ್, ಆರು ಗೇರು, 40 ಅಶ್ವಶಕ್ತಿ, 17 ಲೀಟರ್ ಟ್ಯಾಂಕು. ಕ್ಲಚ್ ಹಗುರ. ಹಳೇ 411 ಗಂಟೆಗೆ ನೂರು ದಾಟಿದರೆ ಕಾಲಿನ ಕೆಳಗೆ ನಡುಗಲು ಶುರು ಮಾಡುತ್ತದೆ. 450 ಅಲ್ಲಿ ಇನ್ನೂ ಆರಾಮಾಗಿರುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಲಗೇಜ್ ಕಟ್ಟಿಕೊಂಡು ಹುಬ್ಬಳ್ಳಿ ದಾಟಿ ಪುಣೆ ಕಡೆ ಹೋಗುವವರಿಗೆ ನಾನು ಕಣ್ಣು ಮುಚ್ಚಿ 450 ಅನ್ನುತ್ತೇನೆ.

ಎಲ್ಲರಿಗೂ ಹಾಗೆ ಹೇಳುವುದಿಲ್ಲ. ಆ ವೇಗ ಎಲ್ಲಿ ಉಪಯೋಗಕ್ಕೆ ಬರುತ್ತದೆ ಹೇಳಿ? ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ, ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಆಗುಂಬೆಯ ತಿರುವುಗಳಲ್ಲಿ ಯಾವ ಗಾಡಿಯಾದರೂ ಎರಡು-ಮೂರನೇ ಗೇರೇ. ಅಲ್ಲಿ 411 ಕಡಿಮೆ ವೇಗದಲ್ಲೇ ಎಳೆಯುವ ಪರಿ ಇದೆಯಲ್ಲ, ಅದರ ಮಜಾ ಬೇರೆ. ಸೀಟು 800 ಮಿಲಿಮೀಟರ್ ಎತ್ತರ, ಐದೂವರೆ ಅಡಿಯವರಿಗೂ ಕಾಲು ನೆಲಕ್ಕೆ ತಾಗುತ್ತದೆ. 450ರದ್ದು 825. 411ರ ಟ್ಯಾಪೆಟ್ ಸರಿ ಮಾಡುವುದು, ಕೇಬಲ್ ಬದಲಿಸುವುದು ಕಳಸ, ಕೊಪ್ಪದ ಮೆಕ್ಯಾನಿಕ್‌ಗೂ ಸಲೀಸು. 450ರಲ್ಲಿ ಆಕ್ಸಿಲರೇಟರಿಗೆ ಕೇಬಲ್ಲೇ ಇಲ್ಲ, ಎಲ್ಲ ವೈರು. ಕೆಟ್ಟರೆ ಲ್ಯಾಪ್‌ಟಾಪ್ ಇರುವವರನ್ನೇ ಹುಡುಕಬೇಕು. ಮೊದಮೊದಲು ಬಂದ 450ಗಳಿಗೂ ಟ್ಯೂಬ್ ಟೈರೇ. ಸ್ಪೋಕ್ ಇದ್ದೂ ಟ್ಯೂಬ್ ಇಲ್ಲದ ಚಕ್ರ ಬಂದದ್ದು 2024ರಲ್ಲಿ. ಸೆಕೆಂಡ್ ಹ್ಯಾಂಡ್ 450 ನೋಡುವವರು ಇದನ್ನು ಕೇಳಿಕೊಳ್ಳಿ. ಅದರ ಮೇಲೆ 2025ರ ಸೆಪ್ಟೆಂಬರಿನಿಂದ 350 ಸಿಸಿ ಮೀರಿದ ಬೈಕುಗಳಿಗೆ ಜಿಎಸ್‌ಟಿ ಶೇ 40 ಆಯಿತು. ಹೊಸ 450 ಇನ್ನೂ ದುಬಾರಿಯಾಯಿತು.

ಇಷ್ಟೆಲ್ಲ ಲೆಕ್ಕ ಹಾಕಿದರೆ, ಮಲೆನಾಡು, ಕರಾವಳಿ ಸುತ್ತುವವರಿಗೆ ನನ್ನ ಆಯ್ಕೆ 2020ರಿಂದ 2023ರ ನಡುವಿನ ಬಿಎಸ್-6 411. 2023ರ ಏಪ್ರಿಲ್ ನಂತರ ತಯಾರಾದದ್ದು ಸಿಕ್ಕರೆ ಬಿಡಬೇಡಿ, ಅಂಥದ್ದು ಕಡಿಮೆ. ಆ ವರ್ಷದ ಕೊನೆಗೆ 411 ನಿಂತೇಹೋಯಿತು.

ನೋಡಲು ಹೋದಾಗ ಮೊದಲು ಎಂಜಿನ್ ಹತ್ತಿರ ಕೈ ಒಡ್ಡಿ. ಬಿಸಿ ಇದ್ದರೆ, ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ. "ಟೀ ಕುಡಿದು ಬರ್ತೀನಿ" ಅಂತ ಹೇಳಿ, ತಣ್ಣಗಾದ ಮೇಲೆ ಸ್ಟಾರ್ಟ್ ಮಾಡಿಸಿ ಶಬ್ದ ಕೇಳಿ. ಆಮೇಲೆ ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನಿಂದ ಒಬ್ಬರು ಒತ್ತಿ ಹಿಡಿದರೆ ಮುಂದಿನ ಚಕ್ರ ನೆಲ ಬಿಡುತ್ತದೆ. ಹ್ಯಾಂಡಲನ್ನು ಎರಡೇ ಬೆರಳಲ್ಲಿ ನಿಧಾನ ತಿರುಗಿಸಿ. ನಟ್ಟನಡುವೆ ಸಣ್ಣದಾಗಿ 'ಕಟ್' ಅಂತ ಸಿಕ್ಕಿಹಾಕಿಕೊಂಡಂತೆ ಆದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗು ಸವೆದಿದೆ. 411ಗಳಲ್ಲಿ ಇದು ಸಾಮಾನ್ಯ, ರಿಪೇರಿ ಆಗುವಂಥದ್ದೇ. ಆದರೆ ಆ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ.

ಆರ್‌ಸಿಯಲ್ಲಿ ನೋಂದಣಿ ದಿನಾಂಕ ಬೇರೆ, ತಯಾರಾದ ತಿಂಗಳು ಬೇರೆ. ನಿಮಗೆ ಬೇಕಾದದ್ದು ಎರಡನೆಯದು. ಬ್ಯಾಂಕ್ ಸಾಲ ಬಾಕಿ ಇದ್ದರೆ ಅದೂ ಅಲ್ಲೇ ಕಾಣುತ್ತದೆ. ಬೇರೆ ರಾಜ್ಯದ ನಂಬರ್ ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪವಿಲ್ಲ ಅನ್ನುವ ಪತ್ರ ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಕೆಎ ನಂಬರ್ ಆದರೆ ಹೆಸರು ಬದಲಾವಣೆಯ ಫಾರ್ಮ್ 29, ಫಾರ್ಮ್ 30 ಮುಖ್ಯ. ಅವೆರಡಕ್ಕೂ ಮಾರುವವರ ಸಹಿ ನಿಮ್ಮ ಎದುರಿಗೇ ಬೀಳಲಿ, ಅಡ್ವಾನ್ಸ್ ಆಮೇಲೆ ಕೊಡಿ.

ನಮಸ್ಕಾರ.