ತೊಡೆ ಮೇಲೆ ಮಗು, ಬಜ್ಪೆಯಿಂದ ದುಬೈಗೆ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಗಲ್ಫಿನಲ್ಲಿರುತ್ತಾರೆ. ಗಂಡ ದುಬೈಯಲ್ಲೋ ಮಸ್ಕತ್ತಿನಲ್ಲೋ ಕೆಲಸದಲ್ಲಿದ್ದಾನೆ. ಹೆಂಡತಿ ಹೆರಿಗೆಗೆ ಅಂತ ತವರಿಗೆ ಬರುತ್ತಾಳೆ. ಬಾಣಂತನ ಮುಗಿದು, ಮಗು ಅಂಬೆಗಾಲಿಟ್ಟು, ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುವ ಹೊತ್ತಿಗೆ ವೀಸಾ ಬರುತ್ತದೆ. ಗಂಡನಿಗೆ ರಜೆ ಸಿಗುವುದಿಲ್ಲ. ಆಗ ಅವಳು ಮಗುವನ್ನು ಕಟ್ಟಿಕೊಂಡು ಒಬ್ಬಳೇ ವಿಮಾನ ಹತ್ತಬೇಕು. ನಾನೂ ಹಾಗೆ ಹೋದವಳು. ಇವತ್ತಿನ ಮಾತು ಹಾಗೆ ಹೊರಟು ನಿಂತಿರುವ ತಾಯಂದಿರಿಗೆ. ಅವರನ್ನು ಕಳಿಸಿಕೊಡುವ ಮನೆಯವರೂ ಕೇಳಿದರೆ ಒಳ್ಳೆಯದು.

2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾಯಿತು. ಅದಕ್ಕೆ ಮುಂಚೆ ನಮ್ಮ ಕಡೆಯವರು ಹೆಚ್ಚಾಗಿ ಬಸ್ಸಿನಲ್ಲಿ ಮುಂಬೈ ಸೇರಿ, ಅಲ್ಲಿಂದ ವಿಮಾನ ಹತ್ತುತ್ತಿದ್ದರು. ಮಕ್ಕಳನ್ನು ಹೊತ್ತುಕೊಂಡು ಹಾಗೆ ಹೋದ ಅಮ್ಮಂದಿರ ಗಟ್ಟಿತನ ನೆನೆದರೆ ನನಗೆ ಈಗಲೂ ಗೌರವ ಬರುತ್ತದೆ. ಈಗ ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜ್ಪೆಯಿಂದ ದುಬೈಗೆ ಮೂರೂವರೆ, ನಾಲ್ಕು ಗಂಟೆ. ದಾರಿ ಚಿಕ್ಕದಾಗಿದೆ. ಆದರೆ ಮೊದಲ ಸಲ ಹೊರಟವಳ ಎದೆ ಢವಢವ ಅನ್ನುವುದು ಹಾಗೇ ಇದೆ, ಅಲ್ವಾ?

ನನಗೆ ಅನ್ನಿಸುವುದು ಇಷ್ಟು. ಹಾರುವ ಹೊತ್ತಿಗಿಂತ ನೆಲದ ಮೇಲಿನ ಮೂರು ಗಂಟೆಯೇ ಜಾಸ್ತಿ ಕಷ್ಟ. ಯಾಕೆಂದರೆ ಅಲ್ಲಿ ಎಲ್ಲದಕ್ಕೂ ಕೈ ಬೇಕು. ನಿಮಗಿರುವುದು ಎರಡೇ ಕೈ, ಅದರಲ್ಲಿ ಒಂದು ಯಾವಾಗಲೂ ಮಗುವಿನದು. ಹಾಗಾಗಿ ಏನೇ ತಯಾರಿ ಮಾಡುವಾಗಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಒಂದು ಕೈಯಲ್ಲಿ ಮಾಡಲಿಕ್ಕೆ ಆಗುತ್ತದಾ? ಸ್ಟ್ರಾಲರ್ ತಗೊಂಡು ಹೋಗುವುದಾದರೆ, ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಅದನ್ನು ಒಂದು ಕೈಯಲ್ಲಿ ಮಡಚಲು ಮನೆಯಲ್ಲೇ ಅಭ್ಯಾಸ ಮಾಡಿ. ಆಗದಿದ್ದರೆ ಅದನ್ನು ಬಿಟ್ಟು, ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಕ್ಯಾರಿಯರ್ ತಗೊಳ್ಳಿ. ಎಳೆಯುವ ಸೂಟ್‌ಕೇಸ್ ವಿಮಾನದೊಳಗೆ ಬೇಡ. ಬೆನ್ನಿಗೆ ಹಾಕುವ ಒಂದೇ ಬ್ಯಾಗ್ ಸಾಕು. ಪಾಸ್‌ಪೋರ್ಟ್ ಮತ್ತು ಬೋರ್ಡಿಂಗ್ ಪಾಸ್ ಕುತ್ತಿಗೆಗೆ ತೂಗುವ ಸಣ್ಣ ಚೀಲದಲ್ಲಿರಲಿ.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಮಗು ಎಷ್ಟೇ ಚಿಕ್ಕದಿರಲಿ, ಅದಕ್ಕೆ ಅದರದ್ದೇ ಪಾಸ್‌ಪೋರ್ಟ್, ಅದರದ್ದೇ ವೀಸಾ ಬೇಕು. ಚಿಕ್ಕ ಮಕ್ಕಳ ಪಾಸ್‌ಪೋರ್ಟ್ ಐದು ವರ್ಷ ಮಾತ್ರ ನಡೆಯುತ್ತದೆ. ಎರಡು ವರ್ಷ ತುಂಬದ ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳಬಹುದು, ಬೇರೆ ಸೀಟು ಬೇಡ. ಆದರೆ ಟಿಕೆಟ್‌ನಲ್ಲಿ ಅದರ ಹೆಸರು ಇರಲೇಬೇಕು, ಅದಕ್ಕೆ ಕಡಿಮೆ ದರ ಕಟ್ಟಬೇಕು. ವಯಸ್ಸಿನ ಲೆಕ್ಕ ಪ್ರಯಾಣ ಮಾಡುವ ದಿನಕ್ಕೆ. ಹೋಗುವಾಗ ಒಂದೂಮುಕ್ಕಾಲು ವರ್ಷ ಇದ್ದು, ವಾಪಸ್ ಬರುವಾಗ ಎರಡು ದಾಟಿದ್ದರೆ ಆಗ ಅದಕ್ಕೆ ಸೀಟು ತಗೊಳ್ಳಬೇಕು. ಜನನ ಪ್ರಮಾಣಪತ್ರದ ನಕಲು, ಗಂಡನ ಪಾಸ್‌ಪೋರ್ಟ್ ಮತ್ತು ವೀಸಾದ ನಕಲು ಜೊತೆಗಿರಲಿ. ತಾಯಿಯೊಬ್ಬಳೇ ಮಗುವನ್ನು ಕರೆದೊಯ್ಯಲು ನನ್ನ ಒಪ್ಪಿಗೆ ಇದೆ ಎಂದು ಗಂಡ ಬರೆದ ಒಂದು ಪತ್ರವೂ ಇರಲಿ. ಯಾರೂ ಕೇಳದೆ ಇರಬಹುದು. ಕೇಳಿದರೆ ಆ ಒಂದು ಹಾಳೆಯಿಂದ ಅರ್ಧ ಗಂಟೆ ಉಳಿಯುತ್ತದೆ.

ಇನ್ನು ಅಜ್ಜಿಯಂದಿರಿಗೆ ಒಂದು ಮಾತು. ಮೊಮ್ಮಗು ಹೊರಟಿದೆ ಅಂದರೆ ನೀವು ಪ್ರೀತಿಯಿಂದ ಏನೇನೋ ಕಟ್ಟಿಕೊಡುತ್ತೀರಿ. ಹಪ್ಪಳ, ಸಂಡಿಗೆ, ನೇಂದ್ರ ಬಾಳೆಕಾಯಿಯ ಹುಡಿ ಎಲ್ಲ ಕೊಡಿ. ಗಸಗಸೆ ಮಾತ್ರ ಒಂದು ಚಿಟಿಕೆಯೂ ಬೇಡ. ಅದು ಯುಎಇಯಲ್ಲಿ ನಿಷಿದ್ಧ. ಕೊಬ್ಬರಿಯೂ ಬೇಡ. ಒಣಗಿದ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ ಇರುವುದರಿಂದ ಅದು ವಿಮಾನದ ಲೆಕ್ಕದಲ್ಲಿ ಬೆಂಕಿ ಹತ್ತುವ ಸಾಮಾನು. ಕೌಂಟರಿನ ಎದುರು ಚೀಲ ಬಿಚ್ಚಿ ಅದನ್ನೆಲ್ಲ ಹುಡುಕಿ ತೆಗೆಯಬೇಕಾಗಿ ಬಂದರೆ, ತೋಳಲ್ಲಿ ಮಗು ಇಟ್ಟುಕೊಂಡವಳ ಪಾಡು ಏನಾಗಬೇಕು ಹೇಳಿ.

ನಿಲ್ದಾಣದ ಬಾಗಿಲ ತನಕ ಎಲ್ಲರೂ ಬರುತ್ತಾರೆ. ಅಪ್ಪ ಟ್ರಾಲಿ ತಳ್ಳುತ್ತಾರೆ, ಅಮ್ಮ ಮಗುವಿನ ಟೊಪ್ಪಿ ಸರಿ ಮಾಡುತ್ತಾರೆ. ಬಾಗಿಲಲ್ಲಿ ಸಿಐಎಸ್‌ಎಫ್‌ನವರು ಟಿಕೆಟ್, ಪಾಸ್‌ಪೋರ್ಟ್ ನೋಡಿ ನಿಮ್ಮನ್ನು ಒಳಗೆ ಬಿಡುತ್ತಾರೆ. ಮನೆಯವರು ಅಲ್ಲೇ ನಿಲ್ಲಬೇಕು. ನಿಜವಾಗಿ ಒಬ್ಬಳೇ ಆಗುವುದು ಆ ಜಾಗದಲ್ಲಿ. ಕಣ್ಣು ತುಂಬಿದರೆ ತುಂಬಲಿ. ಮನೆಯವರಲ್ಲಿ ನನ್ನ ಕೋರಿಕೆ: ಮಗಳು ಒಳಗೆ ಹೋದ ಕೂಡಲೇ ಕಾರು ತಿರುಗಿಸಬೇಡಿ. ಇಮಿಗ್ರೇಷನ್ ದಾಟಿದೆ ಅಂತ ಅವಳ ಫೋನ್ ಬರುವ ತನಕ ಹೊರಗೆ ಇರಿ. ಕಾಗದದಲ್ಲಿ ಏನೋ ತೊಡಕಾಗಿ, ಚೀಲ ಭಾರವಾಗಿ, ಅವಳು ಮತ್ತೆ ಬಾಗಿಲಿಗೆ ಬರಬೇಕಾದೀತು.

ಸೆಕ್ಯುರಿಟಿಯಲ್ಲಿ ದ್ರವ ಪದಾರ್ಥ 100 ಮಿಲಿಲೀಟರ್ ಮೀರಬಾರದು ಎಂಬ ನಿಯಮ ಇದೆ. ಮಗುವಿನ ಹಾಲು, ಆಹಾರ, ಔಷಧಿಗೆ ಪ್ರಯಾಣಕ್ಕೆ ಬೇಕಾದಷ್ಟು ವಿನಾಯಿತಿ ಇದೆ. ಅವರು ಕೇಳುವ ಮೊದಲೇ ಅದನ್ನು ಬೇರೆ ತೆಗೆದು ಟ್ರೇಯಲ್ಲಿಡಿ. ಬೆಳ್ಳಿಯ ಉಡಿದಾರ, ಕಾಲ್ಗೆಜ್ಜೆ ಹಿಂದಿನ ದಿನವೇ ಬಿಚ್ಚಿಡಿ. ಇಲ್ಲದಿದ್ದರೆ ಯಂತ್ರ ಕೂಗುತ್ತದೆ, ಮಗು ಬೆಚ್ಚಿ ಅಳುತ್ತದೆ.

ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ ಇದೆ. ತಾಯಿ ಬಾತ್‌ರೂಮಿಗೆ ಹೋಗುವುದು ಹೇಗೆ? ಎಷ್ಟೋ ಹೆಂಗಸರು ಇದಕ್ಕೇ ಹೆದರಿ ಬೆಳಗ್ಗಿಂದ ನೀರು ಕುಡಿಯುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ವಿಮಾನದೊಳಗಿನ ಗಾಳಿ ತುಂಬಾ ಒಣ, ಎದೆಹಾಲು ಕೊಡುವವರಿಗೆ ನೀರು ಬೇಕೇ ಬೇಕು. ನಿಲ್ದಾಣದಲ್ಲಿ ಗಾಲಿಕುರ್ಚಿಯವರಿಗಾಗಿ ಮಾಡಿದ ದೊಡ್ಡ ಶೌಚಾಲಯ ಇರುತ್ತದೆ, ಅದರಲ್ಲಿ ಸ್ಟ್ರಾಲರ್ ಸಮೇತ ಹಿಡಿಸುತ್ತದೆ. ವಿಮಾನದೊಳಗೆ ಗಗನಸಖಿಯನ್ನು ಕೇಳಿ, ಇಲ್ಲವೇ ಪಕ್ಕದ ಹೆಂಗಸನ್ನು ಕೇಳಿ. ನಾನು ಕೇಳಲೋ ಬೇಡವೋ ಅಂತ ಕೂತಿದ್ದಾಗ ಪಕ್ಕದ ಬ್ಯಾರಿ ಅಜ್ಜಿಯೊಬ್ಬರು ತಾವಾಗಿಯೇ ಕೈ ಚಾಚಿದರು. "ಕೊಡಿ ಇತ್ತ, ನಾನು ಹಿಡ್ಕೊಳ್ತೇನೆ. ನೀವು ಹೋಗಿ ಬನ್ನಿ ಮಗಾ" ಅಂದರು. ನಾನು ಬಂದು ನೋಡಿದರೆ ಮಗಳು ಅವರ ಶಾಲಿನ ಅಂಚನ್ನು ಬಾಯಿಗಿಟ್ಟುಕೊಂಡು ಜಗಿಯುತ್ತಾ ಕೂತಿದ್ದಳು. ಅಜ್ಜಿ ಬಿಡಿಸಿಕೊಳ್ಳಲೂ ಹೋಗಿರಲಿಲ್ಲ. ಆ ಸಾಲಿನ ಆಚೆ ಬದಿಯಲ್ಲಿ ಕೆಲಸಕ್ಕೆ ವಾಪಸ್ ಹೋಗುತ್ತಿದ್ದ ಒಬ್ಬರಿದ್ದರು. ಊರಲ್ಲಿ ಇದೇ ವಯಸ್ಸಿನ ಮಗ ಇದ್ದಾನೆ ಅಂದರು. ಜೇಬಿನ ಪೆನ್ನನ್ನು ಮಗಳು ಎಳೆದಷ್ಟು ಸಲ ಎಳೆಯಲು ಬಿಟ್ಟರು. ಗಲ್ಫಿನ ವಿಮಾನದಲ್ಲಿ ಮಕ್ಕಳನ್ನು ಬಿಟ್ಟು ಹೊರಟ ಅಪ್ಪಂದಿರು ಎಷ್ಟೋ ಜನ ಇರುತ್ತಾರೆ. ನಿಮ್ಮ ಮಗು ಅವರಿಗೆ ಕಿರಿಕಿರಿ ಅಂತ ನೀವೇ ತೀರ್ಮಾನ ಮಾಡಬೇಡಿ.

ಏರುವಾಗ, ಇಳಿಯುವಾಗ ಮಗುವನ್ನು ಕ್ಯಾರಿಯರಿನಿಂದ ತೆಗೆದು ತೊಡೆ ಮೇಲೆ ಕೂರಿಸಿ ಎನ್ನುತ್ತಾರೆ. ನಿಮ್ಮ ಬೆಲ್ಟಿಗೆ ಸೇರಿಸುವ ಸಣ್ಣ ಬೆಲ್ಟ್ ಒಂದನ್ನು ಮಗುವಿಗೆ ಕೊಡುತ್ತಾರೆ. ಹಾಕುವುದು ಹೇಗೆ ಅಂತ ಅವರಿಂದಲೇ ತೋರಿಸಿಕೊಳ್ಳಿ. ಆಮ್ಲಜನಕದ ಮಾಸ್ಕ್ ಬಿದ್ದರೆ ಮೊದಲು ನಿಮಗೆ, ಆಮೇಲೆ ಮಗುವಿಗೆ. ತಾಯಿಯ ಮನಸ್ಸು ಇದನ್ನು ಒಪ್ಪುವುದಿಲ್ಲ, ಗೊತ್ತು. ಆದರೆ ಅಷ್ಟು ಎತ್ತರದಲ್ಲಿ ಆಮ್ಲಜನಕ ಇಲ್ಲದೆ ಹೋದರೆ ಒಂದು ನಿಮಿಷದೊಳಗೆ ನಿಮ್ಮ ತಲೆ ಓಡುವುದು ನಿಲ್ಲುತ್ತದೆ. ನೀವು ಎಚ್ಚರ ಇದ್ದರೆ ತಾನೇ ಮಗುವಿಗೆ ಹಾಕುವುದು?

ಈಗ ಕಿವಿಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಾರ್ಮಾಡಿ ಘಾಟಿ ಇಳಿಯುವಾಗ ಕಿವಿ ಕಟ್ಟುತ್ತದಲ್ಲ, ವಿಮಾನದಲ್ಲಿ ಆಗುವುದೂ ಅದೇ. ವಿಮಾನ ಮೂವತ್ತೈದು ಸಾವಿರ ಅಡಿಯಲ್ಲಿ ಹಾರುತ್ತಿದ್ದರೂ ಒಳಗಿನ ಗಾಳಿಯ ಒತ್ತಡವನ್ನು ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟಕ್ಕೆ ಇಟ್ಟಿರುತ್ತಾರೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ 6,330 ಅಡಿ. ಅಂದರೆ ಮಗು ಮೂರು ಗಂಟೆ ಮುಳ್ಳಯ್ಯನಗಿರಿಯ ತುದಿಯಲ್ಲೋ, ಅದಕ್ಕಿಂತ ಸ್ವಲ್ಪ ಮೇಲೆಯೋ ಇದ್ದು, ಅರ್ಧ ಗಂಟೆಯಲ್ಲಿ ಸಮುದ್ರದ ಮಟ್ಟಕ್ಕೆ ಇಳಿಯುತ್ತದೆ. ಇಳಿಯುವಾಗ ಹೊರಗಿನ ಒತ್ತಡ ಏರಿ ಕಿವಿಯ ತಮಟೆ ಒಳಕ್ಕೆ ಎಳೆದುಕೊಳ್ಳುತ್ತದೆ. ಗಂಟಲಿನಿಂದ ಕಿವಿಗೆ ಹೋಗುವ ಸಣ್ಣ ನಾಳ ತೆರೆದರೆ ಸರಿಹೋಗುತ್ತದೆ. ಮಕ್ಕಳಲ್ಲಿ ಆ ನಾಳ ಕಿರಿದು, ಹೆಚ್ಚು ಅಡ್ಡವಾಗಿಯೂ ಇರುತ್ತದೆ, ಸುಲಭಕ್ಕೆ ತೆರೆಯುವುದಿಲ್ಲ. ಏನಾದರೂ ನುಂಗಿದಾಗ ತೆರೆಯುತ್ತದೆ.

ಹಾಗಾಗಿ ಏರುವಾಗಲೇ ಎಲ್ಲ ಹಾಲು ಮುಗಿಸಬೇಡಿ. ಇಳಿಯುವ ಹೊತ್ತಿಗೆ ಉಳಿಸಿಡಿ. ದುಬೈಗೆ ಇನ್ನು ಅರ್ಧ ಗಂಟೆ ಅನ್ನುವಾಗ ವಿಮಾನದ ಸದ್ದು ಬದಲಾಗುತ್ತದೆ, ಮೂತಿ ಸ್ವಲ್ಪ ಬಾಗುತ್ತದೆ. ಆಗಲೇ ಶುರು ಮಾಡಿ. ಎದೆಹಾಲೋ, ಬಾಟಲಿಯೋ, ಲೋಟದ ನೀರೋ, ರಾಗಿ ಮಣ್ಣಿಯ ಸಣ್ಣ ತುಂಡೋ, ಯಾವುದಾದರೂ ಆದೀತು. ನಿದ್ದೆ ಮಾಡುತ್ತಿದ್ದರೆ ಎಬ್ಬಿಸಲು ಮನಸ್ಸಾಗುವುದಿಲ್ಲ, ಆದರೂ ಮೆಲ್ಲಗೆ ಎಬ್ಬಿಸಿ. ನಿದ್ದೆಯಲ್ಲಿ ಮಗು ನುಂಗುವುದು ಕಡಿಮೆ. ಇಷ್ಟಾದರೂ ಅತ್ತರೆ ಅಳಲಿ ಬಿಡಿ, ಎದೆಗೆ ಒತ್ತಿಕೊಳ್ಳಿ. ನೋವಿಗೆ ಅಳುವ ಮಗುವಿನ ಪರವಾಗಿ ಸುತ್ತಲಿನವರ ಕ್ಷಮೆ ಕೇಳುವ ಅಗತ್ಯ ಯಾವ ತಾಯಿಗೂ ಇಲ್ಲ. ಶೀತ, ಕಿವಿನೋವು ಇದ್ದರೆ ಹೊರಡುವ ಮೊದಲೇ ಡಾಕ್ಟರಿಗೆ ತೋರಿಸಿ.

ಯಾರಾದರೂ ಒಬ್ಬರು ಖಂಡಿತ ಹೇಳುತ್ತಾರೆ, ನಿದ್ದೆ ಬರುವ ಸಿರಪ್ ಒಂದು ಚಮಚ ಕೊಡು, ಮಗು ಸುಮ್ನೆ ಮಲಗುತ್ತೆ ಅಂತ. ಕೊಡಲೇಬೇಡಿ. ಪ್ರೊಮೆಥಜಿನ್ ಎಂಬ ಔಷಧಿ ಇರುವ ಸಿರಪ್ಪನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂಬ ಕಟ್ಟುನಿಟ್ಟಿನ ಎಚ್ಚರಿಕೆಯೇ ಇದೆ. ಮಗುವಿನ ಉಸಿರು ಕುಗ್ಗಿ ಜೀವಕ್ಕೇ ಅಪಾಯ ಆಗಬಹುದು. ಮಗು ಮಲಗಲೇಬೇಕು ಅಂತ ಏನೂ ಇಲ್ಲ. ಎಚ್ಚರ ಇದ್ದರೆ ಇರಲಿ. ಬೆಲ್ಟಿನ ದೀಪ ಆರಿದಾಗ ಸೀಟುಗಳ ನಡುವೆ ಕೈ ಹಿಡಿದು ನಡೆಸಿ. ಮಗು ಮೊದಲು ನೋಡಿರದ ಒಂದು ಚಮಚ, ಒಂದು ಸ್ಟಿಕ್ಕರ್ ಹಾಳೆ, ಮುಚ್ಚಳ ತೆಗೆದು ಹಾಕುವ ಒಂದು ಡಬ್ಬಿ ಕೊಟ್ಟರೆ ಬಹಳ ಹೊತ್ತು ಆಡುತ್ತದೆ. ಊಟದ ಗಾಡಿ ಬರುವಾಗ ಮಾತ್ರ ಅದರ ಕೈಕಾಲು ಒಳಗೆ ಎಳೆದುಕೊಳ್ಳಿ, ಬಿಸಿ ಚಹಾ ಇರುತ್ತದೆ.

ಇಳಿದ ಮೇಲೆ ಅವಸರ ಬೇಡ. ಎಲ್ಲರೂ ಇಳಿಯಲಿ. ಡೈಪರ್ ಬದಲಿಸಿ, ಮುಖ ತೊಳೆದು ಸಾಲಿಗೆ ಹೋಗಿ.

ಕೊನೆಗೆ, ಹೊರಗೆ ಕಾದು ನಿಂತಿರುವ ಅಪ್ಪಂದಿರೇ, ನಿಮಗೊಂದು ಮಾತು. ತಿಂಗಳುಗಟ್ಟಲೆ ವಿಡಿಯೋ ಕಾಲಿನಲ್ಲಿ ನೋಡಿದ ಮಗು ಎದುರಿಗೆ ಬಂದಾಗ ಓಡಿ ಹೋಗಿ ಎತ್ತಿಕೊಳ್ಳಬೇಕು ಅನ್ನಿಸುತ್ತದೆ. ಮಗುವಿಗೆ ನಿಮ್ಮ ಮುಖ ಗೊತ್ತು, ನಿಮ್ಮ ಎತ್ತರ, ವಾಸನೆ, ಕೈ ಗೊತ್ತಿಲ್ಲ. ಅದು ತಾಯಿಯ ಕುತ್ತಿಗೆಗೆ ಮುಖ ಹುದುಗಿಸಿ ಅತ್ತರೆ ಬೇಜಾರು ಮಾಡಿಕೊಳ್ಳಬೇಡಿ. ಮೊದಲು ಟ್ರಾಲಿ ತಗೊಳ್ಳಿ, ಅವಳ ಬೆನ್ನಿನ ಬ್ಯಾಗ್ ಇಳಿಸಿ, ಕುಡಿಯಲು ನೀರು ಕೊಡಿ. ಮನೆಗೆ ಹೋಗಿ ನೆಲದ ಮೇಲೆ ಕೂತುಕೊಳ್ಳಿ, ಮಗು ತಾನಾಗಿ ಹತ್ತಿರ ಬರುತ್ತದೆ. ಆ ರಾತ್ರಿಯ ಅಡುಗೆ, ಹಾಸಿಗೆ ಎಲ್ಲ ನಿಮ್ಮ ಪಾಲಿಗಿರಲಿ.

ನಮಸ್ಕಾರ.