ದಾವಣಗೆರೆಗೆ ಬೆಟ್ಟ ಇಲ್ಲ, ಸರ್ಕಲ್ ಇದೆ

ನಮಸ್ಕಾರ.

ನಮ್ಮ ವೀಕ್ಷಕರೊಬ್ಬರು ಒಂದು ಒಳ್ಳೆ ಪ್ರಶ್ನೆ ಕಳಿಸಿದ್ದಾರೆ. "ಮೈಸೂರು ಅಂದರೆ ಅರಮನೆ ಕಣ್ಮುಂದೆ ಬರುತ್ತೆ. ಚಿತ್ರದುರ್ಗ ಅಂದರೆ ಕೋಟೆ. ದಾವಣಗೆರೆ ಅಂದರೆ ಬಾಯಿಗೆ ಬೆಣ್ಣೆ ದೋಸೆ ಬರುತ್ತೆ, ಸರಿ. ಕಣ್ಣಿಗೆ ಏನು ಬರುತ್ತೆ?"

ನನ್ನ ಉತ್ತರ: ಸರ್ಕಲ್. ಯಾಕೆ ಅಂತ ಹೇಳುತ್ತೇನೆ.

(ದೃಶ್ಯ: ಸಂಜೆಯ ಜಯದೇವ ಸರ್ಕಲ್, ಮೇಲಿನಿಂದ)

ಊರ ನಡುವೆ ನಾಲ್ಕು ಜನ ಸೇರುವ ಬಯಲು ಎಲ್ಲ ಕಾಲದಲ್ಲೂ, ಎಲ್ಲ ದೇಶದಲ್ಲೂ ಇತ್ತು. ಗ್ರೀಕರಿಗೆ ಅಗೋರಾ, ರೋಮಿನವರಿಗೆ ಫೋರಂ, ನಮಗೆ ಅರಳಿಕಟ್ಟೆ, ಸಂತೆ ಮೈದಾನ, ತೇರಿನ ಬೀದಿ. ಇದು ನಿಮಗೆ ಗೊತ್ತಿರುವ ಕಥೆ. ಮುಂದೆ ಹೋಗೋಣ.

ಅಮೆರಿಕದಲ್ಲಿ ಕೆವಿನ್ ಲಿಂಚ್ ಅಂತ ಒಬ್ಬ ನಗರ ಯೋಜಕ ಇದ್ದರು. ಊರು ಜನರ ತಲೆಯೊಳಗೆ ಹೇಗೆ ಕೂತಿದೆ ಅಂತ ಅವರು ನೋಡಲು ಹೊರಟರು. ಬಾಸ್ಟನ್, ಜೆರ್ಸಿ ಸಿಟಿ, ಲಾಸ್ ಏಂಜಲೀಸ್, ಈ ಮೂರು ಊರುಗಳ ಜನರಿಗೆ ಕೇಳಿದ್ದು ಬಹಳ ಸರಳ: ನಿಮ್ಮ ಊರಿನ ನಕ್ಷೆಯನ್ನು ನೆನಪಿನಿಂದ ಬರೆದು ತೋರಿಸಿ. 1960ರಲ್ಲಿ ಅದರ ಫಲಿತಾಂಶ ಹೊರಬಂತು. ಜನ ಊರನ್ನು ಐದು ಸಂಗತಿಗಳಿಂದ ನೆನಪಿಟ್ಟುಕೊಳ್ಳುತ್ತಾರೆ ಅಂದರು ಲಿಂಚ್. ನಡೆಯುವ ದಾರಿಗಳು, ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ಅಂಚುಗಳು, ಬಡಾವಣೆಗಳು, ದಾರಿಗಳು ಬಂದು ಕೂಡುವ ಜಾಗಗಳು, ಮತ್ತೆ ಎದ್ದು ಕಾಣುವ ಗುರುತುಗಳು.

ಬಾಸ್ಟನ್ನಿನವರು ಸಲೀಸಾಗಿ ಬರೆದರು. ನದಿ ಇದೆ, ಊರ ನಡುವೆ ದೊಡ್ಡ ಉದ್ಯಾನ ಇದೆ, ಗುಡ್ಡ ಇದೆ. ಆದರೆ ನನಗೆ ತುಂಬಾ ಕಾಡಿದ್ದು ಜೆರ್ಸಿ ಸಿಟಿ. ಅಲ್ಲಿನವರು ಪೆನ್ಸಿಲ್ ಹಿಡಿದು ತಡವರಿಸಿದರು. ನಕ್ಷೆಯಲ್ಲಿ ಅಲ್ಲಲ್ಲಿ ಖಾಲಿ ಉಳಿಯಿತು. ನಿಮ್ಮ ಊರಲ್ಲಿ ಎದ್ದು ಕಾಣುವುದು ಏನು ಅಂತ ಕೇಳಿದರೆ ಹಲವರು ಹೇಳಿದ್ದು ಏನು ಗೊತ್ತಾ? ಹಡ್ಸನ್ ನದಿಯ ಆ ಕಡೆ ಕಾಣುವ ನ್ಯೂಯಾರ್ಕಿನ ಎತ್ತರದ ಕಟ್ಟಡಗಳು!

ಯೋಚನೆ ಮಾಡಿ. ಹುಟ್ಟಿದ್ದು ಅಲ್ಲಿ, ದುಡಿಯೋದು ಅಲ್ಲಿ, ಮಕ್ಕಳನ್ನು ಶಾಲೆಗೆ ಕಳಿಸೋದು ಅಲ್ಲಿ. ಆದರೂ ನಿಮ್ಮೂರಿನ ಗುರುತು ಯಾವುದು ಅಂದರೆ ಪಕ್ಕದ ಊರಿನ ಕಡೆ ಬೆರಳು ತೋರಿಸಬೇಕು. ಅವರಿಗೆ ಊರಿನ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ. ಆ ಪ್ರೀತಿಯನ್ನು ಕಟ್ಟಿಹಾಕಲು ಒಂದು ಗೂಟ ಸಿಗಲಿಲ್ಲ, ಅಷ್ಟೇ.

ದಾವಣಗೆರೆಗೂ ಆ ಗತಿ ಬರಬಹುದಿತ್ತು. ನಮ್ಮದು ಚಪ್ಪಟೆ ನೆಲ. ಊರ ನಡುವೆ ನದಿ ಹರಿಯುವುದಿಲ್ಲ. ರಾಜರು ಇಲ್ಲಿ ಅರಮನೆ ಕಟ್ಟಲಿಲ್ಲ. ಹತ್ತಿ, ಮಂಡಿ, ಗಿರಣಿ, ವ್ಯಾಪಾರದಿಂದ ಬೆಳೆದ ಊರು ಇದು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು. ಮೋಡಕ್ಕೆ ಹೊಗೆ ಬಿಡುತ್ತಿದ್ದ ಗಿರಣಿ ಚಿಮಣಿಗಳೇ ಒಂದು ಕಾಲಕ್ಕೆ ನಮ್ಮ ಗೋಪುರ. ಗಿರಣಿಗಳು ಮುಚ್ಚಿದವು, ಆ ಗುರುತೂ ಹೋಯಿತು.

ಪಕ್ಕದ ಚಿತ್ರದುರ್ಗ ನೋಡಿ. 1997ರವರೆಗೆ ನಾವು ಅದೇ ಜಿಲ್ಲೆಯವರು. ದುರ್ಗದ ಹುಡುಗನ ಕೈಗೆ ಪೆನ್ಸಿಲ್ ಕೊಟ್ಟರೆ ಮೊದಲು ಬೆಟ್ಟ ಬರೆಯುತ್ತಾನೆ, ಅದರ ಮೇಲೆ ಏಳು ಸುತ್ತಿನ ಕೋಟೆ ಬರೆಯುತ್ತಾನೆ, ಆಮೇಲೆ ಊರು. ಅಲ್ಲಿನ ಸರ್ಕಲ್‌ಗಳು ಕೂಡ ಕೋಟೆಯ ಕಥೆಯನ್ನೇ ಕೆಳಗೆ ಇಳಿಸಿಕೊಂಡಿವೆ. ಮದಕರಿ ನಾಯಕನ ಸರ್ಕಲ್, ಒನಕೆ ಓಬವ್ವನ ಸರ್ಕಲ್. ದುರ್ಗದಲ್ಲಿ ಸರ್ಕಲ್ ಕೋಟೆಯ ನೆನಪು ಮಾಡಿಕೊಡುತ್ತದೆ. ದಾವಣಗೆರೆಯಲ್ಲಿ ನೆನಪು ಇಟ್ಟುಕೊಳ್ಳುವ ಇಡೀ ಕೆಲಸ ಸರ್ಕಲ್ ಮೇಲೇ ಬಿದ್ದಿದೆ.

ಹಾಗಾಗಿ ಇಲ್ಲಿ ಯಾರಿಗಾದರೂ ದಾರಿ ಕೇಳಿ ನೋಡಿ. ರಸ್ತೆ ಹೆಸರು ಹೇಳುವವರು ಕಡಿಮೆ. "ಗುಂಡಿ ಸರ್ಕಲ್‌ಗೆ ಬನ್ನಿ, ಅಲ್ಲಿಂದ ಫೋನ್ ಮಾಡಿ." "ರಾಮ್ ಅಂಡ್ ಕೋ ಸರ್ಕಲ್ ದಾಟಿ ಸ್ವಲ್ಪ ಮುಂದೆ." ಅರುಣಾ ಸರ್ಕಲ್ ಅಂದಾಗ ಹಿರಿಯರಿಗೆ ಸಿನಿಮಾ ಟಾಕೀಸು ನೆನಪಾಗುತ್ತದೆ. ಹೊಂಡದ ಸರ್ಕಲ್, ಗಾಂಧಿ ಸರ್ಕಲ್, ವಿದ್ಯಾರ್ಥಿ ಭವನ ಸರ್ಕಲ್. ರಾಜ ಮಹಾರಾಜರ ಜೊತೆಗೆ ಅಂಗಡಿ, ಟಾಕೀಸು, ಹೊಂಡ ಎಲ್ಲವೂ ಊರಿನ ನಕ್ಷೆಗೆ ಹೆಸರು ಕೊಟ್ಟಿವೆ. ದುಡಿಯುವ ಊರಿನ ನಕ್ಷೆ ಅಂದರೆ ಹೀಗೇ ಇರಬೇಕು, ನನಗಂತೂ ಇದು ಹೆಮ್ಮೆಯ ವಿಷಯ.

ಇವುಗಳಲ್ಲಿ ದೊಡ್ಡಣ್ಣ ಜಯದೇವ ಸರ್ಕಲ್. ಚಿತ್ರದುರ್ಗದ ಮುರುಘಾಮಠದ ಜಯದೇವ ಸ್ವಾಮೀಜಿ ಹೆಸರು ಅದಕ್ಕೆ. ಬಡ ಹುಡುಗರು ಓದಲಿ ಅಂತ ಊರೂರಲ್ಲಿ ಉಚಿತ ಹಾಸ್ಟೆಲ್ ತೆರೆದವರು ಅವರು. ಇವತ್ತು ಪತ್ರಿಕೆಯಲ್ಲಿ ದಾವಣಗೆರೆ ಸುದ್ದಿ ಬಂದರೆ ಅರ್ಧ ಸಲ ಈ ಸಾಲು ಇದ್ದೇ ಇರುತ್ತದೆ: "ನಗರದ ಜಯದೇವ ವೃತ್ತದಲ್ಲಿ ಪ್ರತಿಭಟನೆ ನಡೆಸಿದರು." ರೈತರು, ಅಂಗನವಾಡಿ ಅಕ್ಕಂದಿರು, ವಿದ್ಯಾರ್ಥಿಗಳು, ಪೌರಕಾರ್ಮಿಕರು, ಎಲ್ಲರೂ ಇಲ್ಲಿಗೇ ಬರುತ್ತಾರೆ. ಜಿಲ್ಲಾಧಿಕಾರಿ ಕಚೇರಿ ಇರುವುದು ಪಿ.ಬಿ. ರಸ್ತೆಯಲ್ಲಿ, ಊರಾಚೆ. ಆದರೂ ಕೂಗು ಏಳುವುದು ಸರ್ಕಲ್‌ನಲ್ಲಿ. ಮನವಿ ತಗೊಳ್ಳಲು ಒಬ್ಬ ಅಧಿಕಾರಿ ಸಾಕು, ಆದರೆ ನಮ್ಮ ಕಷ್ಟವನ್ನು ಊರು ನೋಡಬೇಕಲ್ವಾ? ಗಿರಣಿ ಕಾರ್ಮಿಕರ ಹೋರಾಟ ಕಂಡ ಊರು ಇದು. ಕಮ್ಯುನಿಸ್ಟ್ ಪಕ್ಷದ (ಸಿಪಿಐ) ಪಂಪಾಪತಿ ಅವರನ್ನು ಮತ್ತೆ ಮತ್ತೆ ವಿಧಾನಸಭೆಗೆ ಕಳಿಸಿದ ಊರು. ರಸ್ತೆಗೆ ಇಳಿದು ಮಾತಾಡುವ ಅಭ್ಯಾಸ ಇಲ್ಲಿ ಹಳೆಯದು. ಬೇರೆ ಜಿಲ್ಲೆಯವರು ಫೋಟೋದಲ್ಲಿ ನೋಡುವ ದಾವಣಗೆರೆ ಅದೇ, ಕೈ ಎತ್ತಿದ ಜನ, ಹಿಂದೆ ಜಯದೇವ ಸರ್ಕಲ್.

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ.

(ದೃಶ್ಯ: ಸರ್ಕಲ್ ನಡುವಿನ ಗ್ರಿಲ್, ಆಮೇಲೆ ರಸ್ತೆ ಬದಿ)

ಸರ್ಕಲ್ ಅಂದ ತಕ್ಷಣ ಎಲ್ಲರ ಕಣ್ಣು ನಡುವೆ ಹೋಗುತ್ತದೆ. ಪ್ರತಿಮೆ, ಕಾರಂಜಿ, ಬಣ್ಣದ ಲೈಟು, ಸುತ್ತ ಕಬ್ಬಿಣದ ಗ್ರಿಲ್. ದುಡ್ಡು ಬಂದರೆ ಮೊದಲು ಖರ್ಚಾಗುವುದೂ ಅಲ್ಲೇ. ಆದರೆ ಆ ನಡುವಿಗೆ ಯಾರೂ ಕಾಲಿಡುವುದಿಲ್ಲ. ಜಾತ್ರೆಯಲ್ಲಿ ತೇರು ನಡುವೆ ಇರುತ್ತದೆ, ಜಾತ್ರೆ ನಡೆಯುವುದು ಮಾತ್ರ ಸುತ್ತಲಿನ ಅಂಗಡಿ ಸಾಲಲ್ಲಿ. ಸರ್ಕಲ್ ಕೂಡ ಹಾಗೇ. ಅದರ ಜೀವ ಅಂಚಿನಲ್ಲಿದೆ.

ಸಂಜೆ ಆರೂವರೆಗೆ ಆ ಅಂಚನ್ನು ಹತ್ತಿರದಿಂದ ನೋಡಿ. ಮಿರ್ಚಿ ಮಂಡಕ್ಕಿ ಗಾಡಿ. ಎಣ್ಣೆಯಲ್ಲಿ ಮೆಣಸಿನಕಾಯಿ ಚುರುಗುಡುತ್ತಿದೆ. ಗಾಡಿ ಪಕ್ಕ ಮೂರು ಬೈಕು, ಸೈಡ್ ಸ್ಟ್ಯಾಂಡ್ ಹಾಕಿದೆ. ಸೀಟಿನ ಮೇಲೆ ಅಡ್ಡ ಕೂತ ಹುಡುಗರು, ಒಬ್ಬನ ತೊಡೆ ಮೇಲೆ ಪೇಪರ್ ಪೊಟ್ಟಣ, ಎಲ್ಲರ ಕೈ ಅದರೊಳಗೆ. ಬಾಗಿಲು ಹಾಕಿದ ಅಂಗಡಿಯ ಮೆಟ್ಟಿಲ ಮೇಲೆ ಇಬ್ಬರು ಹಿರಿಯರು. ಅವರು ಕರವಸ್ತ್ರ ಹಾಸಿ ಕೂತಿದ್ದಾರೆ, ಯಾಕೆಂದರೆ ಕೂರಲು ಅಂತ ಮಾಡಿದ ಜಾಗ ಒಂದೂ ಇಲ್ಲ. ಬೈಕು ಕುರ್ಚಿಯಾಗಿದೆ, ಮೆಟ್ಟಿಲು ಬೆಂಚಾಗಿದೆ. ಇದನ್ನೆಲ್ಲ ಜನ ತಾವೇ ಮಾಡಿಕೊಂಡಿದ್ದಾರೆ.

ನ್ಯೂಯಾರ್ಕಿನಲ್ಲಿ ವಿಲಿಯಂ ವೈಟ್ ಅನ್ನುವವರು ಕಂಡಿದ್ದೂ ಇದನ್ನೇ. 1961ರಲ್ಲಿ ಆ ಊರು ಒಂದು ನಿಯಮ ತಂದಿತು. ಕಟ್ಟಡದ ಮುಂದೆ ಜನರಿಗೆ ಬಯಲು ಬಿಟ್ಟರೆ ಬಿಲ್ಡರ್‌ಗೆ ಜಾಸ್ತಿ ಮಹಡಿ ಕಟ್ಟಲು ಅವಕಾಶ. ಬಯಲುಗಳು ಬಂದವು, ಬಹಳಷ್ಟು ಖಾಲಿ ಬಿದ್ದವು. ಕೆಲವು ಮಾತ್ರ ಗಿಜಿಗುಡುತ್ತಿದ್ದವು. ವೈಟ್ ಕ್ಯಾಮರಾ ಇಟ್ಟು ಕೂತು ನೋಡಿದರು. ಬಯಲಿನ ಅಳತೆ, ಆಕಾರಕ್ಕಿಂತ ಮುಖ್ಯವಾದದ್ದು ಬೇರೆ ಇತ್ತು. ಎಲ್ಲಿ ಕೂರಲು ಜಾಗ ಇದೆಯೋ ಅಲ್ಲಿ ಜನ ಕೂರುತ್ತಾರೆ. ಕೇಳಲು ಸುಮ್ನೆ ಅನಿಸುತ್ತದೆ, ಆದರೆ ಅಷ್ಟು ದೊಡ್ಡ ಊರಿನ ಯೋಜಕರಿಗೆ ಅದು ಹೊಳೆದಿರಲಿಲ್ಲ. 1975ರಲ್ಲಿ ನಿಯಮವನ್ನೇ ಬದಲಿಸಿದರು. ಪ್ರತಿ 30 ಚದರ ಅಡಿ ಬಯಲಿಗೆ ಒಂದು ಅಡಿ ಉದ್ದದ ಕೂರುವ ಜಾಗ ಇರಲೇಬೇಕು ಅಂತ ಬಂತು. ಅದಕ್ಕೆ ಚಿನ್ನದ ಬೆಂಚು ಬೇಕಿಲ್ಲ. ಒಂದು ಅಡಿಯಿಂದ ಮೂರು ಅಡಿ ಎತ್ತರದ ಕಟ್ಟೆ ಆದರೂ ಸಾಕು, ಜನ ಕೂರುತ್ತಾರೆ.

ಕಟ್ಟೆ! ನಮಗೆ ಯಾರಾದರೂ ಹೇಳಿಕೊಡಬೇಕಾ ಇದನ್ನ? ಹರಟೆಯ ಕಟ್ಟೆ, ಅರಳಿಕಟ್ಟೆ, ಮನೆ ಮುಂದಿನ ಜಗಲಿ ಎಲ್ಲ ನಮ್ಮದೇ. ಹಳ್ಳಿಯಲ್ಲಿ ಇಟ್ಟುಕೊಂಡು ನಗರದಲ್ಲಿ ಬಿಟ್ಟೆವು. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲೇ ದಾವಣಗೆರೆ ಹೆಸರಿತ್ತು. ಊರಿಗೆ ಅಂತ ಯಾವ ಯೋಜನೆಯ ದುಡ್ಡು ಬಂದರೂ ಗ್ರಿಲ್ಲಿಗೆ ಹಾಕುವ ಮೊದಲು ಅಂಚಿಗೆ ಒಂದು ಸಾಲು ಕಟ್ಟೆ, ಅದರ ಮೇಲೆ ಹೊಂಗೆ ಮರದ ನೆರಳು. ಇಷ್ಟನ್ನು ನಾನು ಗಟ್ಟಿಯಾಗಿ ಕೇಳುತ್ತೇನೆ.

ಸಮಯ ಆಗುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಇಟಲಿಯ ಸಿಯೆನಾದವರು 1297ರಲ್ಲೇ ತಮ್ಮ ಚೌಕದ ಸುತ್ತಲಿನ ಮನೆಗಳ ಕಿಟಕಿ ಹೇಗಿರಬೇಕು ಅಂತ ನಿಯಮ ಮಾಡಿದ್ದರು. ನಮ್ಮ ಸರ್ಕಲ್‌ಗಳಲ್ಲಿ ಸುತ್ತಲಿನ ಕಟ್ಟಡಗಳು ಫ್ಲೆಕ್ಸ್ ಹಿಂದೆ ಕಾಣುವುದೇ ಇಲ್ಲ. 2009ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನ ಒಂದು ರಸ್ತೆಯಲ್ಲಿ ವಾಹನ ಸಂಚಾರ ನಿಲ್ಲಿಸಿ, ಅಗ್ಗದ ಮಡಚುವ ಕುರ್ಚಿ ಹಾಕಿದರು. ಜನ ಬಂದು ಕೂತೇಬಿಟ್ಟರು. ಹಾಗಾಗಿ ಒಂದು ಭಾನುವಾರ ಸಂಜೆ ರಾಮ್ ಅಂಡ್ ಕೋ ಸರ್ಕಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ನೋಡಲು ದೊಡ್ಡ ಯೋಜನೆ ಬೇಕಿಲ್ಲ. ಗಾಡಿಯವರನ್ನು ಎಬ್ಬಿಸಿ ಸರ್ಕಲ್ ಚಂದ ಮಾಡುತ್ತೇವೆ ಅನ್ನುವವರಿಗೆ ಒಂದು ಮಾತು: ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರಿಂದ ಕಾನೂನು ಇದೆ, ಮತ್ತೆ ಗಾಡಿ ಹೋದರೆ ಅಂಚಿನ ಬೆಳಕೂ ಹೋಗುತ್ತದೆ.

ಕೊನೆಯದು, ನನಗೆ ಬಹಳ ಮುಖ್ಯವಾದದ್ದು. ಒಂದು ಜಾಗ ಚೆನ್ನಾಗಿದೆಯಾ ಅಂತ ತಿಳಿಯಲು ವೈಟ್ ಒಂದು ಲೆಕ್ಕ ಹಿಡಿದಿದ್ದರು: ಅಲ್ಲಿ ಹೆಂಗಸರ ಪಾಲು ಎಷ್ಟು? ಹೆಂಗಸರು ಜಾಗ ಆರಿಸುವಾಗ ಜಾಸ್ತಿ ನೋಡಿ ಆರಿಸುತ್ತಾರೆ, ಅವರು ಕಡಿಮೆ ಇದ್ದರೆ ಅಲ್ಲಿ ಏನೋ ಸರಿ ಇಲ್ಲ ಅಂತ. ನಾನು ಮೇಲೆ ಹೇಳಿದ ಬೈಕು, ಮೆಟ್ಟಿಲು ಎಲ್ಲ ಗಂಡಸರದ್ದೇ. ಹೆಣ್ಣುಮಕ್ಕಳು ಸರ್ಕಲ್‌ಗೆ ಬರುತ್ತಾರೆ, ದೋಸೆ ಕಟ್ಟಿಸಿಕೊಳ್ಳುತ್ತಾರೆ, ಆಟೋ ಹತ್ತುತ್ತಾರೆ, ಹೋಗುತ್ತಾರೆ. ಕೂರುವುದಿಲ್ಲ. ಕಟ್ಟೆ, ಬೆಳಕು, ಹತ್ತಿರದಲ್ಲೇ ಸ್ವಚ್ಛವಾದ ಶೌಚಾಲಯ ಇದ್ದರೆ ಅವರೂ ಕೂರುತ್ತಾರೆ.

ಅದಕ್ಕೆ ನಿಮಗೊಂದು ಕೆಲಸ. ನಿಮ್ಮ ಹತ್ತಿರದ ಸರ್ಕಲ್‌ನಲ್ಲಿ ಒಂದು ಸಂಜೆ ಹತ್ತು ನಿಮಿಷ ನಿಂತು ಎಣಿಸಿ. ನಡೆದು ಹೋಗುವವರು ಬೇಡ, ಕೂತವರು ಮಾತ್ರ. ಗಂಡಸರು ಎಷ್ಟು, ಹೆಂಗಸರು ಎಷ್ಟು, ಯಾವುದರ ಮೇಲೆ ಕೂತಿದ್ದರು. ಸರ್ಕಲ್ ಹೆಸರು, ಸಮಯ ಹಾಕಿ ಕಾಮೆಂಟ್‌ನಲ್ಲಿ ಬರೆಯಿರಿ. ದುರ್ಗದವರೂ ಬರೆಯಿರಿ, ಓಬವ್ವನ ಸರ್ಕಲ್ ಲೆಕ್ಕ ನನಗೆ ಬೇಕೇ ಬೇಕು. ಎಲ್ಲವನ್ನೂ ಒಂದೇ ನಕ್ಷೆಗೆ ಹಾಕಿ ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ.